ಆ ಒಂದು ಹಾಳೆಯಲ್ಲಿ ಎಲ್ಲವೂ ಇತ್ತು: ಮಂಡ್ಯ, ಮೈಸೂರು ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಮತ್ತು ಮಕ್ಕಳ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮಂಡ್ಯದಲ್ಲಿ 17 ವರ್ಷಗಳಿಂದ ಲ್ಯಾಬ್ ಟೆಕ್ನೀಷಿಯನ್. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆದರೆ ಮೊದಲು ಬರುವವರು ಖಾಲಿ ಹೊಟ್ಟೆಯ ಶುಗರ್‌ನವರು. ಹತ್ತು ಗಂಟೆ ಹೊತ್ತಿಗೆ ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯಿಂದ ಐಸ್ ಬಾಕ್ಸುಗಳಲ್ಲಿ ರಕ್ತದ ಟ್ಯೂಬುಗಳು ಬರುತ್ತವೆ. ಹೆಸರು ನೋಡಿ, ನಂಬರ್ ಹಾಕಿ, ಮಷೀನಿಗೆ ಕೊಟ್ಟು, ರಿಪೋರ್ಟ್ ತೆಗೆದು, ಸಹಿಗೆ ಕಳಿಸುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೂ ಮಕ್ಕಳ ಜಾಂಡೀಸ್ ಹಿಂದೆ ಅಡಗಿರಬಹುದಾದ ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಕೂಡುವ ಕಾಯಿಲೆ, ಅದರ ಬಗ್ಗೆ ಈ ಪತ್ರ ಬರೆಯುವ ಹಕ್ಕು ನನಗಿದೆ ಅಂತ ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ರಿಪೋರ್ಟ್ ಇದೆ. ನಾಲ್ಕಾಗಿ ಮಡಚಿ ಮಡಚಿ ಮಡಿಕೆಯ ಜಾಗದಲ್ಲಿ ಹರಿಯುತ್ತಾ ಬಂದಿದೆ. ಅದರಲ್ಲಿ ನೀಲಿ ಪೆನ್ನಿನಲ್ಲಿ ಹಾಕಿದ ಮೂರು ಸುತ್ತುಗಳಿವೆ. ಆ ರಿಪೋರ್ಟ್ ತೆಗೆದವಳು ನಾನೇ. ಸುತ್ತು ಹಾಕಿದವರು ಬೆಂಗಳೂರಿನ ಒಬ್ಬ ಲಿವರ್ ಡಾಕ್ಟರ್, ಐದು ದಿನ ಆದ ಮೇಲೆ. ರಿಪೋರ್ಟ್ ನನ್ನ ಅಕ್ಕನ ಮಗಳದು. ಅವಳಿಗೆ ಆಗ 11 ವರ್ಷ.

ಅವಳನ್ನು ನಾವು ಪುಟ್ಟಿ ಅಂತಲೇ ಕರೆಯುತ್ತಿದ್ದೆವು. ನಾಲೆ ಬದಿಯ ಊರು, ಮನೆ ಹಿಂದೆ ಕಬ್ಬಿನ ಗದ್ದೆ. ಅಕ್ಕನನ್ನು ಕೊಟ್ಟಿದ್ದು ನಮ್ಮ ಸ್ವಂತ ಸೋದರಮಾವನಿಗೆ. ನಮ್ಮ ಕಡೆ ಇದು ಎಷ್ಟು ಸಾಮಾನ್ಯ ಅಂತ ನಿಮಗೆ ಗೊತ್ತೇ ಇದೆ. ಪುಟ್ಟಿಗೆ ಎಂಟನೇ ವಯಸ್ಸಿನಲ್ಲಿ ಒಮ್ಮೆ ಜಾಂಡೀಸ್ ಬಂದಿತ್ತು. ಪಥ್ಯ ಮಾಡಿಸಿದರು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು, ಮೂರು ವಾರಕ್ಕೆ ಹೋಯಿತು. ಎಲ್ಲರೂ ಮರೆತೆವು. ಆರನೇ ಕ್ಲಾಸಿಗೆ ಬಂದ ಮೇಲೆ ಸುಸ್ತು ಅನ್ನುತ್ತಿದ್ದಳು. ಸಂಜೆ ಹೊತ್ತು ಚಪ್ಪಲಿಯ ಪಟ್ಟಿ ಬಿಗಿಯಾಗುತ್ತೆ ಅಂತಿದ್ದಳು. ಪಾದದ ಮೇಲೆ ಪಟ್ಟಿಯ ಗುರುತು ಬೀಳುತ್ತಿತ್ತು. ಬೆಳೆಯೋ ಹುಡುಗಿ, ಹೊಸ ಚಪ್ಪಲಿ ಕೊಡಿಸಬೇಕು ಅಂತ ನಾನೇ ಹೇಳಿದ್ದೆ.

ಆಮೇಲೆ ಒಂದು ದಿನ ಕಣ್ಣು ಹಳದಿಯಾಯಿತು. ಮಾರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ರಕ್ತ ನಮ್ಮ ಲ್ಯಾಬಿಗೇ ಬಂತು. ನಾನೇ ಮಷೀನಿಗೆ ಹಾಕಿದೆ.

ಜಾಂಡೀಸ್‌ನ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ 28. ಲಿವರ್ ಕಣಗಳ ಹಾನಿ ತೋರಿಸುವ ಎರಡು ಕಿಣ್ವಗಳಲ್ಲಿ ಎಸ್‌ಜಿಒಟಿ 210. ಎಸ್‌ಜಿಪಿಟಿ 78. ಲಿವರ್ ಮತ್ತು ಮೂಳೆಯಿಂದ ಬರುವ ಕಿಣ್ವ ಆಲ್ಕಲೈನ್ ಫಾಸ್ಫಟೇಸ್ 62. ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ 2.3. ಹಿಮೋಗ್ಲೋಬಿನ್ 6.4. ಬಿಳಿ ರಕ್ತಕಣ 14 ಸಾವಿರ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತೆ ಅಂತ ಹೇಳುವ ಐಎನ್‌ಆರ್ 3.8. ಹೆಪಟೈಟಿಸ್ ಎ ಇಲ್ಲ, ಬಿ ಇಲ್ಲ.

ನಮ್ಮ ಮಷೀನು ಜಾಸ್ತಿ ಇದ್ದರೆ ಪಕ್ಕದಲ್ಲಿ ಮೇಲ್ಮುಖದ ಬಾಣ ಹಾಕುತ್ತೆ, ಕಡಿಮೆ ಇದ್ದರೆ ಕೆಳಮುಖದ ಬಾಣ. ಬಿಲಿರುಬಿನ್‌ಗೆ ಮೇಲಿನ ಬಾಣ ಬಿತ್ತು. ಹಿಮೋಗ್ಲೋಬಿನ್‌ಗೆ ಕೆಳಗಿನ ಬಾಣ. ಆಲ್ಕಲೈನ್ ಫಾಸ್ಫಟೇಸ್ 62ಕ್ಕೆ ಯಾವ ಬಾಣವೂ ಬೀಳಲಿಲ್ಲ. ನಮ್ಮ ಹಾಳೆಯಲ್ಲಿ ಅಚ್ಚಾಗಿದ್ದ ನಾರ್ಮಲ್ ಅಳತೆ 40ರಿಂದ 129. ಅದು ದೊಡ್ಡವರ ಅಳತೆ. ಮೂಳೆ ಬೆಳೆಯುವ 11 ವರ್ಷದ ಹುಡುಗಿಗೆ ಅದು ಇನ್ನೂರು, ಮುನ್ನೂರು ಇರಬೇಕು. ಅದರ ಮೇಲೆ ಲಿವರ್ ತೊಂದರೆ ಬೇರೆ. ಇನ್ನೂ ಏರಬೇಕಿತ್ತು. 62 ಅನ್ನುವುದು ಅವಳ ವಯಸ್ಸಿಗೆ ನಾರ್ಮಲ್ ಆಗಿರಲೇ ಇಲ್ಲ. ಆ ಹಾಳೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದ ನಂಬರ್ ಅದೇ. ಬಾಣ ಇಲ್ಲ ಅಂತ ನಾನೂ ಅದನ್ನು ದಾಟಿ ಹೋದೆ.

ನರ್ಸಿಂಗ್ ಹೋಮಿನಲ್ಲಿ ಸಮಾಧಾನ ಹೇಳಿದರು. ವೈರಲ್ ಜಾಂಡೀಸ್ ಇರಬೇಕು, ಎಸ್‌ಜಿಒಟಿ ಎಸ್‌ಜಿಪಿಟಿ ಅಷ್ಟೇನೂ ಏರಿಲ್ಲ, ರಕ್ತ ಕಡಿಮೆ ಇರೋದು ಊಟದ ಕೊರತೆ, ರೆಸ್ಟ್ ಮಾಡಲಿ ಅಂದರು. ಅವರು ಕೆಟ್ಟವರಲ್ಲ. ದಿನಕ್ಕೆ ಎರಡು ಸಲ ಬಂದು ನೋಡುತ್ತಿದ್ದರು. ನಮ್ಮ ಮಕ್ಕಳಲ್ಲಿ ಜಾಂಡೀಸ್ ಅಂದರೆ ಹೆಚ್ಚಾಗಿ ಹೆಪಟೈಟಿಸ್ ಎ, ಅದು ಹೆಚ್ಚಾಗಿ ತಾನೇ ವಾಸಿಯಾಗುತ್ತೆ. ಆ ಅಭ್ಯಾಸದ ಕಣ್ಣಿನಿಂದಲೇ ಅವರೂ ನೋಡಿದರು, ನಾನೂ ನೋಡಿದೆ. ನಾಲ್ಕನೇ ರಾತ್ರಿ ಪುಟ್ಟಿ ಮಲಗಲಿಲ್ಲ. ಹಗಲೆಲ್ಲ ತೂಕಡಿಸಿದಳು. ಅಕ್ಕನನ್ನೇ "ನೀನ್ಯಾರು" ಅಂತ ಕೇಳಿದಳು. ಆಂಬ್ಯುಲೆನ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಮಂಡ್ಯದಿಂದ ನೂರು ಕಿಲೋಮೀಟರ್. ಅಷ್ಟು ದೂರವೂ ಅವಳ ಕೈ ನನ್ನ ಕೈಯಲ್ಲೇ ಇತ್ತು.

ಅಲ್ಲಿ ಡಾಕ್ಟರ್ ನಮ್ಮ ರಿಪೋರ್ಟ್ ತೆಗೆದುಕೊಂಡು ನಿಂತಲ್ಲೇ ಓದಿದರು. ಜೇಬಿನಿಂದ ಪೆನ್ ತೆಗೆದು ಆಲ್ಕಲೈನ್ ಫಾಸ್ಫಟೇಸ್‌ಗೆ ಒಂದು ಸುತ್ತು, ಹಿಮೋಗ್ಲೋಬಿನ್‌ಗೆ ಒಂದು, ಎಸ್‌ಜಿಒಟಿಗೆ ಒಂದು ಸುತ್ತು ಹಾಕಿದರು. "ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆ ಆಗಿದ್ದೀರಾ?" ಅಂತ ಕೇಳಿದರು. ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ. "ಇದು ವಿಲ್ಸನ್ ಕಾಯಿಲೆ ಇರಬಹುದು. ಲಿವರ್ ಬದಲಾಯಿಸದೆ ಬೇರೆ ದಾರಿ ಕಾಣುತ್ತಿಲ್ಲ" ಅಂದರು.

ಬಾವನ ರಕ್ತದ ಗುಂಪು ಹೊಂದುತ್ತಿತ್ತು. ಲಿವರ್‌ನ ಒಂದು ಭಾಗ ಕೊಡಲು ಅವರು ಅಲ್ಲೇ ಒಪ್ಪಿದರು. ಅವರ ಪರೀಕ್ಷೆಗಳು ಮುಗಿಯುವಷ್ಟರಲ್ಲಿ ಪುಟ್ಟಿಗೆ ಸೋಂಕು ಏರಿ ಕಿಡ್ನಿಯೂ ನಿಂತಿತು. ಮೂರನೇ ದಿನ ಬೆಳಗಿನ ಜಾವ ಅವಳು ಹೋದಳು.

ಐದು ದಿನ. ಆ ಐದು ದಿನ ಮೊದಲೇ ಆ ಮೂರು ಸುತ್ತು ಬಿದ್ದಿದ್ದರೆ ಅವಳು ಉಳಿಯುತ್ತಿದ್ದಳು ಅಂತ ಯಾರೂ ಖಚಿತವಾಗಿ ಹೇಳಲಾರರು. ಆದರೆ ಬಾವನ ಪರೀಕ್ಷೆ ಮುಗಿಸಲು ಟೈಮ್ ಸಿಗುತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಕೈ ತಣ್ಣಗಾಗುತ್ತಿದೆ.

ಆಮೇಲೆ ನಾನು ಈ ಕಾಯಿಲೆ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಗೊತ್ತಿದ್ದ ಡಾಕ್ಟರ್‌ಗಳನ್ನೆಲ್ಲ ಕೇಳಿದೆ. ಓದುವವರಲ್ಲಿ ಅಪ್ಪ ಅಮ್ಮಂದಿರೂ ಇರುತ್ತಾರೆ, ಹಾಗಾಗಿ ಸರಳವಾಗಿ ಹೇಳುತ್ತೇನೆ. ನಾವು ತಿನ್ನುವ ಎಲ್ಲದರಲ್ಲೂ ಸ್ವಲ್ಪ ತಾಮ್ರ ಇರುತ್ತೆ. ರಾಗಿಯಲ್ಲಿದೆ, ಕಾಳಿನಲ್ಲಿದೆ, ಕಡಲೆಕಾಯಿಯಲ್ಲಿದೆ. ದೇಹಕ್ಕೆ ಅದು ಬೇಕು, ಆದರೆ ಚೂರೇ ಚೂರು. ಮಿಕ್ಕಿದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತೆ. ಹಾಗೆ ಹೊರಗೆ ಹಾಕುವ ಕೆಲಸಕ್ಕೆ ಒಂದು ಜೀನ್ ಬೇಕು. ಅದರ ಹೆಸರು ಎಟಿಪಿ7ಬಿ, 13ನೇ ಕ್ರೋಮೋಸೋಮಿನಲ್ಲಿದೆ, 1993ರಲ್ಲಿ ಪತ್ತೆಯಾಯಿತು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಪ್ರತಿ ಬಂದರೆ ಮಗುವಿನ ಲಿವರ್‌ಗೆ ತಾಮ್ರ ಹೊರಹಾಕಲು ಬರುವುದಿಲ್ಲ. ಹುಟ್ಟಿದ ದಿನದಿಂದ ಅಲ್ಲೇ ಕೂಡುತ್ತಾ ಹೋಗುತ್ತೆ. ಕೆಲವರಲ್ಲಿ ಲಿವರ್ ತುಂಬಿ ಮಿದುಳಿಗೂ ಹೋಗುತ್ತೆ. ಕೈ ನಡುಗುತ್ತೆ, ಮಾತು ತೊದಲುತ್ತೆ, ಕೈಬರಹ ಕೆಡುತ್ತೆ. 1912ರಲ್ಲಿ ಲಂಡನ್ನಿನ ಡಾಕ್ಟರ್ ಕಿನಿಯರ್ ವಿಲ್ಸನ್ ಬರೆದಿದ್ದು ಈ ರೂಪವನ್ನೇ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕದಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ಬಗ್ಗೆ 2007ರಲ್ಲಿ ಬರೆದಿದ್ದಾರೆ. ಹಾಗಾಗಿ ಇದು ಎಲ್ಲೋ ದೂರದ ದೇಶದ ಕಾಯಿಲೆ ಅಂತ ಯಾರೂ ಅಂದುಕೊಳ್ಳಬೇಡಿ. ಲೋಕದಲ್ಲಿ ಸುಮಾರು 30,000 ಜನಕ್ಕೆ ಒಬ್ಬರಿಗೆ ಅಂತ ಪುಸ್ತಕಗಳು ಹೇಳುತ್ತವೆ. ಸುಮಾರು 90 ಜನರಲ್ಲಿ ಒಬ್ಬರ ಹತ್ತಿರ ಒಂದು ಕೆಟ್ಟ ಪ್ರತಿ ಇರುತ್ತೆ, ಅವರಿಗೆ ಏನೂ ಆಗುವುದಿಲ್ಲ. ಒಂದೇ ಮನೆತನದಲ್ಲಿ ಮದುವೆ ಆದರೆ ಅಂಥ ಇಬ್ಬರು ಒಟ್ಟಾಗುವುದು ಸುಲಭ. ಅಕ್ಕ ಬಾವನ ವಿಷಯದಲ್ಲಿ ಆಗಿದ್ದೂ ಅದೇ.

ಚಿಕ್ಕ ಮಕ್ಕಳಲ್ಲಿ ಮೊದಲು ಕೆಡುವುದು ಲಿವರ್. ಕೆಲವು ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಜಾಸ್ತಿ, ಅದು ಒಮ್ಮೆಲೇ ಕುಸಿಯುತ್ತೆ. ಸತ್ತ ಲಿವರ್ ಕಣಗಳಿಂದ ಕೂಡಿಟ್ಟ ತಾಮ್ರ ರಕ್ತಕ್ಕೆ ನುಗ್ಗುತ್ತೆ. ಆ ತಾಮ್ರ ಕೆಂಪು ರಕ್ತಕಣಗಳನ್ನು ಒಡೆಯುತ್ತೆ. ಅದಕ್ಕೇ ಹಿಮೋಗ್ಲೋಬಿನ್ ಇಳಿಯುವುದು. ಒಡೆದ ಕಣಗಳಿಂದಲೂ ಬಿಲಿರುಬಿನ್ ಬರುತ್ತೆ, ಕೆಟ್ಟ ಲಿವರ್‌ನಿಂದಲೂ ಬರುತ್ತೆ. ಅದಕ್ಕೇ ಅದು 28, 30ಕ್ಕೆ ಏರುವುದು. ಪುಟ್ಟಿಯ ಮೂತ್ರದ ಡಿಕಾಕ್ಷನ್ ಬಣ್ಣಕ್ಕೂ ಇದೇ ಕಾರಣ. ರಕ್ತ ಒಡೆಯುತ್ತಿದೆ, ಆದರೆ ಕೂಂಬ್ಸ್ ಟೆಸ್ಟ್ ನೆಗೆಟಿವ್ ಬರುತ್ತೆ. ದೇಹದ ರೋಗನಿರೋಧಕ ಶಕ್ತಿಯೇ ತನ್ನ ರಕ್ತಕಣಗಳನ್ನು ಒಡೆಯುತ್ತಿದೆಯಾ ಅಂತ ನೋಡುವ ಪರೀಕ್ಷೆ ಅದು, ಯಾವ ರಕ್ತನಿಧಿಯಲ್ಲಾದರೂ ಆಗುತ್ತೆ. ಪುಟ್ಟಿಗೆ ಅದನ್ನು ಬೆಂಗಳೂರಿನಲ್ಲಿ ಮಾಡಿದರು, ನೆಗೆಟಿವ್ ಬಂತು. ಮಂಡ್ಯದಲ್ಲೇ ಮಾಡಬಹುದಿತ್ತು.

ವೈರಸ್‌ನಿಂದ ಲಿವರ್ ಕೆಟ್ಟಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಸಾವಿರ ದಾಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಲ್ಲಿ ಅವು ನೂರರ ಲೆಕ್ಕದಲ್ಲೇ ಇರುತ್ತವೆ, ಮತ್ತು ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ತುಂಬಾ ಜಾಸ್ತಿ ಇರುತ್ತೆ. "ಅಷ್ಟೇನೂ ಏರಿಲ್ಲ" ಅನ್ನುವುದು ಸಮಾಧಾನದ ಮಾತು ಅಲ್ಲ. ಬಿಲಿರುಬಿನ್ 28 ಇದ್ದು ಐಎನ್‌ಆರ್ 3.8 ಇದ್ದು ಎಸ್‌ಜಿಒಟಿ ಬರೀ 210 ಅಂದರೆ, ಅದೇ ಅನುಮಾನ ಪಡಬೇಕಾದ ಜಾಗ.

2008ರಲ್ಲಿ ಅಮೆರಿಕದಲ್ಲಿ ಹಠಾತ್ ಲಿವರ್ ವೈಫಲ್ಯದ 140 ಜನರ ರಕ್ತ ತೆಗೆದುಕೊಂಡು ನೋಡಿದರು. ಅದರಲ್ಲಿ 16 ಜನ ವಿಲ್ಸನ್‌ನವರು. ಆಲ್ಕಲೈನ್ ಫಾಸ್ಫಟೇಸನ್ನು ಬಿಲಿರುಬಿನ್‌ನಿಂದ ಭಾಗಿಸಿದಾಗ 4ಕ್ಕಿಂತ ಕಡಿಮೆ, ಎಸ್‌ಜಿಒಟಿಯನ್ನು ಎಸ್‌ಜಿಪಿಟಿಯಿಂದ ಭಾಗಿಸಿದಾಗ 2.2ಕ್ಕಿಂತ ಜಾಸ್ತಿ. ಈ ಎರಡನ್ನೂ ಸೇರಿಸಿ ನೋಡಿದಾಗ ಆ ಗುಂಪಿನ ವಿಲ್ಸನ್ ರೋಗಿಗಳಲ್ಲಿ ಒಬ್ಬರೂ ತಪ್ಪಿಹೋಗಲಿಲ್ಲ. ಅದನ್ನು ಓದಿದ ರಾತ್ರಿ ನಾನು ಪುಟ್ಟಿಯ ರಿಪೋರ್ಟ್ ತೆಗೆದು ಲೆಕ್ಕ ಹಾಕಿದೆ. 62 ಭಾಗಿಸು 28. ಎರಡು ಪಾಯಿಂಟ್ ಎರಡು. 210 ಭಾಗಿಸು 78. ಎರಡು ಪಾಯಿಂಟ್ ಏಳು. ಮೂರನೇ ಕ್ಲಾಸಿನ ಭಾಗಾಕಾರ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ನಾನೇ ತಪ್ಪು ದಾರಿ ತೋರಿಸಿದ ಹಾಗಾಗುತ್ತೆ. ಈ ಭಾಗಾಕಾರ ದೊಡ್ಡವರಲ್ಲಿ ಕೆಲಸ ಮಾಡಿದಷ್ಟು ಮಕ್ಕಳಲ್ಲಿ ಮಾಡುವುದಿಲ್ಲ. ಬೆಳೆಯುವ ಮೂಳೆಯಿಂದಲೂ ಆಲ್ಕಲೈನ್ ಫಾಸ್ಫಟೇಸ್ ಬರುವುದರಿಂದ ವಿಲ್ಸನ್ ಇದ್ದ ಮಗುವಿನಲ್ಲೂ ಲೆಕ್ಕ 4ಕ್ಕಿಂತ ಮೇಲೆ ಬರಬಹುದು. ಹಾಗಾಗಿ 4ಕ್ಕಿಂತ ಮೇಲಿದೆ, ವಿಲ್ಸನ್ ಅಲ್ಲ ಅಂತ ಮುಗಿಸಬಾರದು. ಆದರೆ ಮಗುವಿನಲ್ಲೂ ಇಷ್ಟು ಕೆಳಗೆ ಇದೆ ಅಂದರೆ, ಹಿಮೋಗ್ಲೋಬಿನ್ ಬೇರೆ ಬಿದ್ದಿದೆ ಅಂದರೆ, ಅದನ್ನು ಬಿಟ್ಟು ಮುಂದೆ ಹೋಗಲೂಬಾರದು.

ಹಾಗಾದರೆ ಸೆರುಲೋಪ್ಲಾಸ್ಮಿನ್ ಮಾಡಿಸಿದರೆ ಮುಗಿಯಿತಲ್ವಾ ಅಂತ ಕೇಳಬಹುದು. ವಿಲ್ಸನ್ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವ ಟೆಸ್ಟ್ ಅದು. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್. 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ, 10ಕ್ಕಿಂತ ಕಡಿಮೆ ಇದ್ದರೆ ಅನುಮಾನ ತುಂಬಾ ಗಟ್ಟಿ. ಆರಾಮಾಗಿರುವ ಮಗುವಿನಲ್ಲಿ, ಅಂದರೆ ಲಿವರ್ ಇನ್ನೂ ಕೆಲಸ ಮಾಡುತ್ತಿರುವಾಗ, ಇದು ಒಳ್ಳೆಯ ಟೆಸ್ಟ್. ಆದರೆ ಲಿವರ್ ಕುಸಿದ ಮೇಲೆ ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಈ ಪ್ರೋಟೀನ್ ತಯಾರಾಗುವುದು ಲಿವರ್‌ನಲ್ಲೇ, ಹಾಗಾಗಿ ಯಾವ ಕಾರಣಕ್ಕೆ ಲಿವರ್ ಸತ್ತರೂ ಇದು ಕಡಿಮೆಯಾಗುತ್ತೆ. ಇನ್ನೊಂದು ಕಡೆ, ಜ್ವರ, ಉರಿಯೂತ ಇದ್ದರೆ ಇದು ಏರುತ್ತೆ, ವಿಲ್ಸನ್ ಇದ್ದ ಮಗುವಿನಲ್ಲೂ ನಾರ್ಮಲ್ ಅಂತ ಬರಬಹುದು. ತೀರಾ ಎಳೆ ಮಕ್ಕಳಲ್ಲಿ ಸಹಜವಾಗಿಯೇ ಕಡಿಮೆ ಇರುತ್ತೆ. ರಕ್ತದ ತಾಮ್ರವೂ ಹಾಗೇ. ಸಾಮಾನ್ಯ ವಿಲ್ಸನ್‌ನಲ್ಲಿ ಒಟ್ಟು ತಾಮ್ರ ಕಡಿಮೆ ಬರುತ್ತೆ. ಲಿವರ್ ಒಡೆದಾಗ ಉಲ್ಟಾ, 200 ಮೈಕ್ರೋಗ್ರಾಂ ದಾಟಿ ಹೋಗುತ್ತೆ. ಜೊತೆಗೆ 24 ಗಂಟೆಯ ಮೂತ್ರದ ತಾಮ್ರ ಇದೆ, ಮಕ್ಕಳಲ್ಲಿ 40 ಮೈಕ್ರೋಗ್ರಾಂ ದಾಟಿದರೆ ಯೋಚಿಸಬೇಕು. ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಬಳೆ ಇದೆ, ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಬೇಕು. ಆದರೆ ಲಿವರ್ ತೊಂದರೆಯ ಮಕ್ಕಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಜೀನ್ ಟೆಸ್ಟ್ ಹೆಚ್ಚಾಗಿ ಖಚಿತ ಉತ್ತರ ಕೊಡುತ್ತೆ, ಆದರೆ ವಾರಗಟ್ಟಲೆ ಹಿಡಿಯುತ್ತೆ. ಐಎನ್‌ಆರ್ 3.8 ಇರುವ ಮಗುವಿಗೆ ವಾರಗಳು ಇರುವುದಿಲ್ಲ.

ಅದಕ್ಕೇ ನಾನು ಮತ್ತೆ ಮತ್ತೆ ಆ ಮಾಮೂಲಿ ಹಾಳೆಗೇ ಬರುತ್ತಿದ್ದೇನೆ. ಎಲ್‌ಎಫ್‌ಟಿ ಅಂದರೆ ಲಿವರ್ ಪರೀಕ್ಷೆ, ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಪಿಟಿ ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ತಾಲ್ಲೂಕಿನಲ್ಲೂ ಆಗುವ ಟೆಸ್ಟುಗಳು, ಅರ್ಧ ದಿನದಲ್ಲಿ ಕೈಗೆ ಬರುತ್ತವೆ. ಬೆಂಗಳೂರಿಗೆ ಕಳಿಸಬೇಕಾ, ಈಗಲೇ ಕಳಿಸಬೇಕಾ ಅನ್ನುವ ತೀರ್ಮಾನಕ್ಕೆ ಅವು ಸಾಕು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಮಕ್ಕಳ ಲಿವರ್ ಡಾಕ್ಟರ್‌ಗಳು 2005ರಲ್ಲಿ ಒಂದು ಸ್ಕೋರ್ ಕೊಟ್ಟರು. ಬಿಲಿರುಬಿನ್, ಐಎನ್‌ಆರ್, ಎಸ್‌ಜಿಒಟಿ, ಬಿಳಿ ರಕ್ತಕಣ, ಆಲ್ಬುಮಿನ್. ಐದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ವಿಲ್ಸನ್ ಇರುವ ಮಗುವಿಗೆ ಒಟ್ಟು 11 ಅಥವಾ ಮೇಲೆ ಬಂದರೆ ಲಿವರ್ ಬದಲಾಯಿಸದೆ ಬದುಕುವುದು ಕಷ್ಟ. ಪುಟ್ಟಿಯ ಅಂಕ 16. ಐದೂ ನಂಬರ್ ಮೊದಲ ದಿನದ ನಮ್ಮ ರಿಪೋರ್ಟಿನಲ್ಲೇ ಇದ್ದವು.

ತಾಮ್ರದ ಪಾತ್ರೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಪುಟ್ಟಿ ಹೋದ ಮೇಲೆ ಊರಿನಲ್ಲಿ ಮಾತು ಹಬ್ಬಿತು. ಅಕ್ಕನ ಮನೆಯಲ್ಲಿ ಬಚ್ಚಲ ಒಲೆಗೆ ಕೂರಿಸಿದ ದೊಡ್ಡ ತಾಮ್ರದ ಹಂಡೆ ಇತ್ತು, ನಮ್ಮ ಅಜ್ಜಿ ಕೊಟ್ಟಿದ್ದು. ಅದರ ನೀರಿನಿಂದಲೇ ಮಗು ಹೋಯಿತು ಅಂದರು. ಅಕ್ಕ ಅದನ್ನು ಕಿತ್ತು ಹಿತ್ತಲಿಗೆ ಎಸೆದಳು. ಹುಣಸೇಹಣ್ಣು ಹಾಕಿ ಪ್ರತಿ ಹಬ್ಬಕ್ಕೂ ತಾನೇ ತಿಕ್ಕಿ ಹೊಳೆಯಿಸುತ್ತಿದ್ದ ಹಂಡೆ. ಮಗಳನ್ನು ನಾನೇ ಕೊಂದೆ ಅಂತ ಎಷ್ಟು ರಾತ್ರಿ ಅತ್ತಳೋ. ಅಕ್ಕನಂಥ ಎಲ್ಲ ತಾಯಂದಿರಿಗೆ ಹೇಳುತ್ತಿದ್ದೇನೆ: ವಿಲ್ಸನ್ ಕಾಯಿಲೆ ಪಾತ್ರೆಯಿಂದ ಬರುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು. ಹಿಂದೆ ನಮ್ಮ ದೇಶದಲ್ಲಿ ಎಳೆ ಮಕ್ಕಳಿಗೆ ಬರುತ್ತಿದ್ದ ಇನ್ನೊಂದು ಲಿವರ್ ಕಾಯಿಲೆ ಇತ್ತು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹಾಲು ಕಾಯಿಸಿ ಕುಡಿಸುವುದಕ್ಕೂ ಅದಕ್ಕೂ ನಂಟಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಹೆಚ್ಚುಕಡಿಮೆ ಕಾಣದಾಯಿತು. ಅದು ಬೇರೆ, ಇದು ಬೇರೆ. ವಿಲ್ಸನ್ ಇರುವ ಮಗು ತಾಮ್ರದ ಚೊಂಬಿನಲ್ಲಿ ನೀರು ಕುಡಿಯಬಾರದು ಅನ್ನುವುದು ನಿಜ. ಆದರೆ ಸ್ನಾನದ ಹಂಡೆ ಯಾರನ್ನೂ ಕೊಲ್ಲಲಿಲ್ಲ.

ಪುಟ್ಟಿಗೆ ಒಬ್ಬ ತಮ್ಮ ಇದ್ದಾನೆ. ಆಗ ಅವನಿಗೆ ಆರು ವರ್ಷ. ಒಂದೇ ಅಪ್ಪ ಅಮ್ಮನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ಕಾಯಿಲೆ ಬರುವ ಸಾಧ್ಯತೆ ಇರುತ್ತೆ. ಬೆಂಗಳೂರಿನ ಡಾಕ್ಟರ್ ಅಷ್ಟು ದುಃಖದ ನಡುವೆಯೂ ಅಕ್ಕನನ್ನು ಕೂರಿಸಿ, "ಹದಿಮೂರು ದಿನದ ಕಾರ್ಯ ಮುಗಿಯಲಿ ಅಂತ ಕಾಯಬೇಡಿ, ಈ ವಾರವೇ ಹುಡುಗನನ್ನು ಕರೆದುಕೊಂಡು ಬನ್ನಿ" ಅಂದಿದ್ದರು. ಅವನು ಚೆನ್ನಾಗಿಯೇ ಇದ್ದ. ಮರ ಹತ್ತುತ್ತಿದ್ದ, ನಾಲೆಗೆ ಬೀಳುತ್ತಿದ್ದ. ಅವನ ರಕ್ತ ನಾನೇ ತೆಗೆದೆ. ಅಳಲಿಲ್ಲ, "ಚಿಕ್ಕಿ, ಅಕ್ಕಂಗೂ ಹಿಂಗೇ ಚುಚ್ಚಿದ್ರಾ" ಅಂದ. ಸೆರುಲೋಪ್ಲಾಸ್ಮಿನ್ 6 ಬಂತು. ಎಸ್‌ಜಿಪಿಟಿ ಸ್ವಲ್ಪ ಏರಿತ್ತು. ಮೂತ್ರದ ತಾಮ್ರ 140. ಆಮೇಲೆ ಜೀನ್ ಟೆಸ್ಟ್ ಅದನ್ನು ಗಟ್ಟಿ ಮಾಡಿತು.

ಈಗ ಅವನಿಗೆ ಒಂಬತ್ತು ವರ್ಷ. ಅಕ್ಕ ಬೆಳಿಗ್ಗೆ ಆರಕ್ಕೆ ಅಲಾರಾಂ ಇಟ್ಟು ಎಬ್ಬಿಸಿ ಖಾಲಿ ಹೊಟ್ಟೆಗೆ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುವ ಪೆನಿಸಿಲಮೈನ್ ಕೊಡುತ್ತಾಳೆ. ಒಂದು ಗಂಟೆ ಆದ ಮೇಲೆಯೇ ತಿಂಡಿ. ಜೊತೆಗೆ ಬಿ6 ಮಾತ್ರೆ. 1956ರಲ್ಲಿ ಬ್ರಿಟನ್ನಿನ ಡಾಕ್ಟರ್ ಜಾನ್ ವಾಲ್ಶ್ ಈ ಕಾಯಿಲೆಗೆ ಮೊದಲು ಬಳಸಿ ತೋರಿಸಿದ ಹಳೆಯ ಔಷಧ ಪೆನಿಸಿಲಮೈನ್. ಸತುವಿನ ಮಾತ್ರೆಯೂ ಇದೆ, ಯಾರಿಗೆ ಯಾವುದು ಅಂತ ಡಾಕ್ಟರ್ ತೀರ್ಮಾನಿಸುತ್ತಾರೆ. ಜೀವನಪೂರ್ತಿ ತೆಗೆದುಕೊಳ್ಳಬೇಕು. ಚೆನ್ನಾಗಿದ್ದೀನಿ ಅಂತ ನಿಲ್ಲಿಸಿದರೆ ಲಿವರ್ ಮತ್ತೆ ಕುಸಿಯಬಹುದು. ಸದ್ಯಕ್ಕೆ ಅವನ ಎಸ್‌ಜಿಪಿಟಿ ನಾರ್ಮಲ್. ಅವನು ಮರ ಹತ್ತುವುದನ್ನು ಬಿಟ್ಟಿಲ್ಲ.

ಒಂದೇ ಅಪ್ಪ ಅಮ್ಮನ ಇಬ್ಬರು ಮಕ್ಕಳು. ಒಬ್ಬಳಿಗೆ ಗೊತ್ತಾಗಿದ್ದು ತಡ, ಇನ್ನೊಬ್ಬನಿಗೆ ಗೊತ್ತಾಗಿದ್ದು ಬೇಗ. ಬೇರೆ ವ್ಯತ್ಯಾಸ ನನಗೆ ಕಾಣುತ್ತಿಲ್ಲ.

ಆದ್ದರಿಂದ ನನ್ನ ಕೋರಿಕೆ. ಜಿಲ್ಲಾ ಆರೋಗ್ಯಾಧಿಕಾರಿಗಳೇ, ಎರಡೂ ಜಿಲ್ಲೆಗಳ ಎಲ್ಲ ಸರ್ಕಾರಿ, ಖಾಸಗಿ ಲ್ಯಾಬುಗಳಿಗೂ ಒಂದು ಸುತ್ತೋಲೆ ಕಳಿಸಿ. ಮಕ್ಕಳ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್‌ಗೆ ಮಕ್ಕಳ ವಯಸ್ಸಿನ ಅಳತೆಯೇ ಅಚ್ಚಾಗಬೇಕು. ಇದಕ್ಕೆ ಹೊಸ ಮಷೀನ್ ಬೇಡ, ದುಡ್ಡು ಬೇಡ. ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬದಲಾಯಿಸಿದರೆ ಆಯಿತು. ಅವತ್ತು ನಮ್ಮಲ್ಲಿ ಆ ಒಂದು ಸಾಲು ಸರಿಯಿದ್ದಿದ್ದರೆ 62ರ ಪಕ್ಕ ಕೆಳಮುಖದ ಬಾಣ ಬೀಳುತ್ತಿತ್ತು, ಯಾರಾದರೂ ಇದೇನು ಅಂತ ಕೇಳುತ್ತಿದ್ದರು. ಈಗ ನಮ್ಮ ಲ್ಯಾಬಿನಲ್ಲಿ ನಾನು ಬದಲಾಯಿಸಿದ್ದೇನೆ. ಇಪ್ಪತ್ತು ನಿಮಿಷದ ಕೆಲಸ ಅದು.

ಸೆರುಲೋಪ್ಲಾಸ್ಮಿನ್ ಟೆಸ್ಟ್ ನಮ್ಮ ಕಡೆಯ ಎಷ್ಟೋ ಲ್ಯಾಬುಗಳಿಂದ ಬೆಂಗಳೂರಿಗೆ ಹೋಗಿ ಬರುತ್ತೆ, ಸುಮ್ನೆ ದಿನಗಳು ಹೋಗುತ್ತವೆ. ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬ ಮತ್ತು ಕೆ.ಆರ್. ಆಸ್ಪತ್ರೆ ನಮ್ಮ ಬಡವರ ಮಕ್ಕಳು ಹೋಗುವ ಜಾಗಗಳು. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿನ ಬಲ ಇಲ್ಲಿದೆ. ಈ ಭಾಗದಲ್ಲಿ ಎಲ್ಲಾದರೂ ಒಂದು ಕಡೆ ಈ ಟೆಸ್ಟ್ ದಿನವೂ ಮಾಡಿ, ಮಾರನೇ ದಿನ ರಿಪೋರ್ಟ್ ಕೊಡುವ, ಬಿಪಿಎಲ್ ಮಕ್ಕಳಿಗೆ ಉಚಿತವಾಗಿ ಕೊಡುವ ವ್ಯವಸ್ಥೆ ಇರಲಿ. ಎಲ್ಲಿ ಆಗುತ್ತೆ ಅನ್ನುವುದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರಲಿ. ಪೆನಿಸಿಲಮೈನ್ ಕೂಡ ಹಾಗೇ. ಅಕ್ಕ ತಿಂಗಳಿಗೊಮ್ಮೆ ಎರಡು ಊರಿನ ಮೆಡಿಕಲ್ ಅಂಗಡಿಗಳಿಗೆ ಅಲೆಯುತ್ತಾಳೆ. ಸ್ಟಾಕ್ ಇಲ್ಲ ಅಂದ ದಿನ ಅವಳ ಮುಖ ನೋಡಲಾಗುವುದಿಲ್ಲ.

ಮಕ್ಕಳ ವೈದ್ಯರೇ, ನಿಮ್ಮ ಕೆಲಸ ನಿಮಗೆ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ಒಂದೇ ಕೇಳುತ್ತೇನೆ. ಮೂರು ವರ್ಷ ದಾಟಿದ ಮಗುವಿಗೆ ಜಾಂಡೀಸ್ ಅಂತ ಎಲ್‌ಎಫ್‌ಟಿ ಬರೆಯುವಾಗ ಸಿಬಿಸಿ, ಐಎನ್‌ಆರ್ ಕೂಡ ಬರೆಯಿರಿ. ಹಿಮೋಗ್ಲೋಬಿನ್ ಬಿದ್ದಿದ್ದರೆ ಊಟದ ಕೊರತೆ ಅನ್ನುವ ಮೊದಲು ಕೂಂಬ್ಸ್ ಮಾಡಿಸಿ. ಹೆಪಟೈಟಿಸ್ ಎ ಪಾಸಿಟಿವ್ ಬಂದರೂ ನಂಬರ್‌ಗಳು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ. ವಿಲ್ಸನ್ ಇರುವ ಮಗುವಿಗೂ ಹೆಪಟೈಟಿಸ್ ಎ ಬರುತ್ತೆ. ಹಿಂದೆ ಜಾಂಡೀಸ್ ಬಂದು ಹೋಗಿತ್ತಾ, ಸಂಬಂಧದಲ್ಲಿ ಮದುವೆಯಾ, ಮನೆಯಲ್ಲಿ ಯಾವುದಾದರೂ ಮಗು ಲಿವರ್‌ನಿಂದ ಹೋಗಿದೆಯಾ ಅಂತ ಕೇಳಿ. ನಮ್ಮ ಊರುಗಳಲ್ಲಿ ಈ ಮೂರನ್ನೂ ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಕೇಳುವ ಕೆಲಸ ಆಶಾ ಕಾರ್ಯಕರ್ತೆಯರೂ ಚೆನ್ನಾಗಿ ಮಾಡುತ್ತಾರೆ. ಯಾವ ಮನೆಯಲ್ಲಿ ಯಾವ ಮಗು ಹೇಗೆ ಹೋಯಿತು ಅಂತ ಅವರಿಗೆ ಗೊತ್ತಿರುತ್ತೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುತ್ತಿವೆ. ಅಣ್ಣನೋ ಅಕ್ಕನೋ ಲಿವರ್ ಕಾಯಿಲೆಯಿಂದ ಹೋದ ಮಗು ಸಿಕ್ಕರೆ ಅದರ ಹೆಸರು ಬರೆದುಕೊಂಡು ರಕ್ತ ಪರೀಕ್ಷೆಗೆ ಕಳಿಸಲಿ. ಆಗ ಆ ಮಗು ಆರಾಮಾಗಿ ಓಡಾಡುತ್ತಿರುತ್ತೆ. ಮಾತ್ರೆಯಲ್ಲೇ ಮುಗಿಯುವ ಹೊತ್ತು ಅದು.

ಅಪ್ಪ ಅಮ್ಮಂದಿರೇ, ಜಾಂಡೀಸ್‌ಗೆ ಕೈಗೆ ಬರೆ ಹಾಕಿಸಬೇಡಿ, ಮೂಗಿಗೆ ಏನನ್ನೂ ಬಿಡಿಸಬೇಡಿ. ಪಥ್ಯ ಮಾಡಿಸುವವರು ಮಾಡಿಸಿ, ಆದರೆ ರಕ್ತ ಪರೀಕ್ಷೆ ಮಾಡಿಸಿಯೇ ಮಾಡಿಸಿ. ಮಗು ಹಗಲು ನಿದ್ದೆ ಮಾಡಿ ರಾತ್ರಿ ಎಚ್ಚರ ಇದ್ದರೆ, ಮಾತು ಅಡ್ಡಾದಿಡ್ಡಿ ಆದರೆ, ಒಂದು ಗಂಟೆಯೂ ಕಾಯಬೇಡಿ.

ಇನ್ನು ನನ್ನ ಜೊತೆಯ ಟೆಕ್ನೀಷಿಯನ್‌ಗಳಿಗೆ. ಟ್ಯೂಬಿನ ಮೇಲಿನ ವಯಸ್ಸು ನೋಡಿ. ಮಗುವಾಗಿದ್ದು ಬಿಲಿರುಬಿನ್ ಜಾಸ್ತಿ ಇದ್ದರೆ ಮೊಬೈಲ್ ತೆಗೆದು ಎರಡು ಭಾಗಾಕಾರ ಮಾಡಿ. ಮೊದಲ ಲೆಕ್ಕ 4ಕ್ಕಿಂತ ಕೆಳಗೆ ಅಥವಾ ಎರಡನೆಯದು 2.2ಕ್ಕಿಂತ ಮೇಲೆ ಬಂದರೆ, ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ಪೆಥಾಲಜಿಸ್ಟ್‌ಗೆ ತೋರಿಸಿ, ಡಾಕ್ಟರ್‌ಗೆ ಒಂದು ಫೋನ್ ಮಾಡಿ. ನೀನ್ಯಾರು ಹೇಳೋಕೆ ಅಂತ ಯಾರಾದರೂ ಅಂದಾರು. ನನಗೂ ಒಬ್ಬರು ಅಂದರು. ಪರವಾಗಿಲ್ಲ.

ಕಳೆದ ತಿಂಗಳು ಏಳು ವರ್ಷದ ಒಬ್ಬ ಹುಡುಗನ ರಕ್ತ ಬಂತು. ಬಿಲಿರುಬಿನ್ 9, ಹಿಮೋಗ್ಲೋಬಿನ್ 7.5. ನಾನು ಫೋನ್ ಮಾಡಿದೆ. ಡಾಕ್ಟರ್ ಸಮಾಧಾನದಿಂದ ಕೇಳಿಸಿಕೊಂಡರು, ಉಳಿದ ಟೆಸ್ಟುಗಳನ್ನೂ ಬರೆದರು. ಹೆಪಟೈಟಿಸ್ ಎ ಅಂತ ಗೊತ್ತಾಯಿತು. ಐಎನ್‌ಆರ್ ಸರಿಯಿತ್ತು, ರಕ್ತ ಕಡಿಮೆ ಇದ್ದದ್ದು ಕಬ್ಬಿಣದ ಕೊರತೆಯಿಂದ. ಸೆರುಲೋಪ್ಲಾಸ್ಮಿನ್ 31 ಬಂತು. ಹುಡುಗ ಮೂರು ವಾರಕ್ಕೆ ಸ್ಕೂಲಿಗೆ ಹೋದ. ಅವರಮ್ಮ ರಿಪೋರ್ಟ್ ತೆಗೆದುಕೊಂಡು ಹೋಗಲು ಬಂದಾಗ, ಇಷ್ಟೊಂದು ಟೆಸ್ಟ್ ಯಾಕೆ ಮಾಡಿಸಿದ್ರಿ ಅಂತ ಕೇಳಿದರು. ನಾನು ಡ್ರಾಯರ್ ಎಳೆದು ಆ ಹಾಳೆ ತೆಗೆದು ಅವರಿಗೆ ತೋರಿಸಿದೆ.

ಇಂತಿ,
ಮಂಡ್ಯದ ಒಬ್ಬ ಲ್ಯಾಬ್ ಟೆಕ್ನೀಷಿಯನ್, ಪುಟ್ಟಿಯ ಚಿಕ್ಕಿ